ಲಾಂಟಾ ದ್ವೀಪಕ್ಕೆ ‘ಆಫ್ ಸೀಸನ್’ ಬಂದದ್ದು ಹೇಗೆ?

ಜೂನ್ ತಿಂಗಳಲ್ಲಿ ಥಾಯ್ಲೆಂಡಿನ ಕೊ ಲಾಂಟಾ ದ್ವೀಪದ ಪಶ್ಚಿಮ ದಡದಲ್ಲಿ ನಡೆದರೆ ಮುಚ್ಚಿದ ಬಾಗಿಲುಗಳೇ ಜಾಸ್ತಿ. ಬಿದಿರಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಟಾರ್ಪಾಲು ಕಟ್ಟಿರುತ್ತಾರೆ. ಮರಳಲ್ಲಿ ಕೆಂಪು ಬಾವುಟ ನೆಟ್ಟಿರುತ್ತದೆ, ನೀರಿಗೆ ಇಳಿಯಬೇಡಿ ಅಂತ. ಇಷ್ಟಾದರೂ ತೆರೆದಿರುವ ಹೋಟೆಲುಗಳಲ್ಲಿ ರೂಮು ಅರ್ಧ ಬೆಲೆಗೆ ಸಿಗುತ್ತದೆ. ಹೋಗಬೇಕು ಅಂದುಕೊಂಡವರಿಗೆ ಒಬ್ಬರು ‘ಎಲ್ಲಾ ಬಂದ್’ ಅನ್ನುತ್ತಾರೆ, ಇನ್ನೊಬ್ಬರು ‘ಸ್ವರ್ಗ’ ಅನ್ನುತ್ತಾರೆ. ಪ್ರವಾಸೋದ್ಯಮದವರು ಅದನ್ನೇ ‘ಗ್ರೀನ್ ಸೀಸನ್’ ಅನ್ನುತ್ತಾರೆ. ಮೂರೂ ಸುಳ್ಳಲ್ಲ. ಆದರೆ ಈ ಗೋಜಲು ಬಿಡಿಸಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಮೊದಲು ಗಾಳಿಯ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಟ್ರಾಲ್ ಬೋಟುಗಳು ದಡದಲ್ಲೇ ನಿಲ್ಲುತ್ತವಲ್ಲ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲವಿಡೀ ನಿಲ್ಲುತ್ತವಲ್ಲ, ಆಗ ಬೀಸುವ ನೈಋತ್ಯ ಮಾರುತವೇ ಅಲ್ಲೂ ಬೀಸುವುದು. ಲಾಂಟಾ ಇರುವುದು ಥಾಯ್ಲೆಂಡಿನ ಪಶ್ಚಿಮಕ್ಕೆ, ಅಂಡಮಾನ್ ಸಮುದ್ರದಲ್ಲಿ. ಆ ಕಡೆಗೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಆಚೆ ಬದಿಯ, ಅಂದರೆ ಪೂರ್ವದ ಕೊಲ್ಲಿಯಲ್ಲಿರುವ ಸಮುಯಿ ದ್ವೀಪಕ್ಕೆ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹಾಗಾಗಿ ಇಡೀ ಥಾಯ್ಲೆಂಡಿಗೆ ಒಂದೇ ಆಫ್ ಸೀಸನ್ ಅಂತ ಇಲ್ಲವೇ ಇಲ್ಲ.

ಲಾಂಟಾದ ಹಳೆಯ ಜನಕ್ಕೆ ಈ ಗಾಳಿ ಚೆನ್ನಾಗಿ ಗೊತ್ತಿತ್ತು. ಅವರ ಊರುಗಳು ಎಲ್ಲಿವೆ ನೋಡಿ. ಹೆಚ್ಚಿನವು ಇರುವುದು ಪೂರ್ವ ದಡದಲ್ಲಿ. ನಡುವೆ ಉದ್ದಕ್ಕೂ ಕಾಡಿನ ಗುಡ್ಡವಿದೆ. ನೈಋತ್ಯದಿಂದ ಬರುವ ಅಬ್ಬರವನ್ನು ಅದು ತಡೆಯುತ್ತದೆ. ಪಶ್ಚಿಮದಲ್ಲಿ ಅಲೆ ಎದ್ದು ಬೀಳುತ್ತಿರುವಾಗ ಪೂರ್ವದ ನೀರು ಎಷ್ಟೋ ಶಾಂತ. ಈಗ ‘ಓಲ್ಡ್ ಟೌನ್’ ಅನ್ನುವ ಸಿ ರಾಯಾ ಇರುವುದು ಅಲ್ಲೇ. ಒಂದು ಕಾಲದಲ್ಲಿ ಫುಕೆಟ್, ಪೆನಾಂಗ್, ಸಿಂಗಪುರದ ನಡುವೆ ಓಡಾಡುವ ವ್ಯಾಪಾರದ ದೋಣಿಗಳು ಅಲ್ಲಿ ತಂಗುತ್ತಿದ್ದವು. ಚೀನೀ ವರ್ತಕರ ಮನೆಗಳು ಇವತ್ತಿಗೂ ಇವೆ. ಬೀದಿಗೆ ಕಿರಿದಾದ ಅಂಗಡಿ, ಒಳಗೆ ನಡೆದಷ್ಟೂ ಉದ್ದ. ಹಿಂಬದಿ ನೆಲವೇ ಮುಗಿದು, ಮನೆ ಮರದ ಕಂಬಗಳ ಮೇಲೆ ಸಮುದ್ರದೊಳಕ್ಕೆ ಹೋಗಿರುತ್ತದೆ. ಉಬ್ಬರ ಬಂದಾಗ ಹಲಗೆಯ ಸಂದಿನಲ್ಲಿ ನೀರು ಕಾಣುತ್ತದೆ.

ಅವರಿಗಿಂತಲೂ ಮೊದಲು ಬಂದವರು ಉರಕ್ ಲವೋಯ್ ಜನ. ಇವರು ಸಮುದ್ರವನ್ನೇ ನಂಬಿ ಬದುಕಿದವರು. ವರ್ಷಕ್ಕೆ ಎರಡು ಸಲ, ಚಾಂದ್ರಮಾನದ 6ನೇ ಮತ್ತು 11ನೇ ತಿಂಗಳ ಹುಣ್ಣಿಮೆಗೆ, ಮರದ ದೋಣಿಯೊಂದನ್ನು ಮಾಡಿ, ಅದರಲ್ಲಿ ತಮ್ಮ ಕೂದಲು, ಉಗುರಿನ ಚೂರುಗಳನ್ನಿಟ್ಟು ಕಡಲಿಗೆ ಬಿಡುತ್ತಾರೆ. ಥಾಯ್ ಭಾಷೆಯಲ್ಲಿ ಇದಕ್ಕೆ ‘ಲೋಯ್ ರುವಾ’ ಅನ್ನುತ್ತಾರೆ, ದೋಣಿ ತೇಲಿಬಿಡುವುದು ಅಂತ ಅರ್ಥ. ಕೆಟ್ಟದ್ದೆಲ್ಲ ಅದರ ಜೊತೆ ಹೋಗಲಿ ಎಂಬ ನಂಬಿಕೆ. ಗಾಳಿ ದಿಕ್ಕು ಬದಲಿಸುವ ಹೊತ್ತೂ ಸುಮಾರಾಗಿ ಇದೇ. ಮಳೆಗಾಲ ಅವರಿಗೆ ಖಾಲಿ ಕಾಲವಾಗಿರಲಿಲ್ಲ, ವರ್ಷದ ಇನ್ನೊಂದು ಅರ್ಧವಾಗಿತ್ತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. 1980ರ ದಶಕದಲ್ಲಿ ಬ್ಯಾಗು ಹೊತ್ತ ಪ್ರವಾಸಿಗರು ಬಂದರು, 1990ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, 1996ರಲ್ಲಿ ಕರೆಂಟು ಬಂತು, 2004ರ ಡಿಸೆಂಬರ್ 26ಕ್ಕೆ ಸುನಾಮಿ, 2016ರಲ್ಲಿ ಪಕ್ಕದ ಲಾಂಟಾ ನೋಯ್ ದ್ವೀಪದಿಂದ ಸೇತುವೆ.

ಈ ವರ್ಷಗಳಲ್ಲಿ ಹೋಟೆಲುಗಳು ಬೆಳೆದದ್ದು ಪಶ್ಚಿಮ ದಡದಲ್ಲಿ. ಬಿಳಿ ಮರಳು, ಸೂರ್ಯಾಸ್ತ ಎರಡೂ ಅಲ್ಲೇ ಇವೆ, ಅದು ಸಹಜವೇ. ಆದರೆ ಮಳೆಗಾಲಕ್ಕೆ ಎದೆಯೊಡ್ಡಿ ನಿಂತಿರುವ ದಡವೂ ಅದೇ. ಬಂದವರಲ್ಲಿ ಹೆಚ್ಚಿನವರು ಚಳಿ ತಪ್ಪಿಸಿಕೊಂಡು ಬಂದ ಯುರೋಪಿನವರು. ಸ್ವೀಡನ್ನಿನ ಕುಟುಂಬಗಳು ಎಷ್ಟು ಬಂದವೆಂದರೆ, ಅವರ ಮಕ್ಕಳಿಗೆ ದ್ವೀಪದಲ್ಲೇ ಸ್ವೀಡಿಷ್ ಶಾಲೆ ಶುರುವಾಯಿತು. ಅವರ ಚಳಿಗಾಲವೂ ಇಲ್ಲಿನ ಒಣ ತಿಂಗಳೂ ಸರಿಯಾಗಿ ಕೂಡಿಬಂದವು. ಅಲ್ಲಿ ಬೇಸಿಗೆ ಬಂದಾಗ ಇಲ್ಲಿ ಮಳೆ. ಹೀಗೆ ಆರು ತಿಂಗಳು ‘ಆಫ್’ ಆಯಿತು. ಮಳೆಯೊಂದರಿಂದಲೇ ಆದದ್ದಲ್ಲ ಇದು.

ಮಳೆಗಾಲದ ಅಪಾಯವನ್ನು ಹಗುರವಾಗಿ ನೋಡುವಂತೆಯೂ ಇಲ್ಲ. 2018ರ ಜುಲೈ 5ರಂದು ಫುಕೆಟ್ ಬಳಿ ‘ಫೀನಿಕ್ಸ್’ ಎಂಬ ಪ್ರವಾಸಿ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗಿ 47 ಜನ ತೀರಿಕೊಂಡರು. ಕಡಲಿಗೂ ಬಿಡುವು ಬೇಕು. ಅದೇ ವರ್ಷ ಜೂನ್‌ನಲ್ಲಿ ಹತ್ತಿರದ ಫಿ ಫಿ ದ್ವೀಪಗಳಲ್ಲಿರುವ ಮಾಯಾ ಬೇ ಎಂಬ ಕಡಲತೀರವನ್ನು ಮುಚ್ಚಿದರು. ಪ್ರವಾಸಿಗರ ದಟ್ಟಣೆಯಿಂದ ಹವಳ ಹಾಳಾಗಿತ್ತು. 2022ರ ಜನವರಿಯಲ್ಲಿ ತೆರೆಯುವ ಹೊತ್ತಿಗೆ ಕಪ್ಪುರೆಕ್ಕೆಯ ಶಾರ್ಕ್‌ಗಳು ವಾಪಸ್ ಬಂದಿದ್ದವು. ಈಗ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಪ್ರತಿವರ್ಷ ಮುಚ್ಚುತ್ತಾರೆ. ಸಿಮಿಲಾನ್ ದ್ವೀಪಗಳಿಗೂ, ಲಾಂಟಾ ಬಳಿಯ ಕೊ ರೋಕ್‌ಗೂ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಸಮುದ್ರಕ್ಕೂ ಉಸಿರು ಬಿಡಲು ಹೊತ್ತು ಬೇಕಲ್ವಾ?

ಕೋವಿಡ್ ಬಂದಾಗ ಎಲ್ಲ ತಿಂಗಳೂ ಆಫ್ ಸೀಸನ್ ಆಯಿತು. 2019ರಲ್ಲಿ ಸುಮಾರು 4 ಕೋಟಿ ವಿದೇಶಿಯರು ಬಂದ ದೇಶಕ್ಕೆ 2021ರಲ್ಲಿ ಬಂದವರು ಐದು ಲಕ್ಷವೂ ಇಲ್ಲ. ಆಗ ಎಲ್ಲರಿಗೂ ಒಂದು ಭಯ ಕೂತಿತು. ಖಾಲಿ ತಿಂಗಳುಗಳನ್ನು ಹೇಗಾದರೂ ತುಂಬಿಸಬೇಕು ಎಂಬ ಆತುರ ಜಾಸ್ತಿಯಾಯಿತು. ಭಾರತೀಯರಿಗೆ 2023ರ ನವೆಂಬರ್‌ನಲ್ಲಿ ವೀಸಾ ಇಲ್ಲದೆ ಹೋಗುವ ಅವಕಾಶ ಸಿಕ್ಕಿತು. ಮರುವರ್ಷ ಥಾಯ್ಲೆಂಡಿಗೆ ಹೋದ ಭಾರತೀಯರು 20 ಲಕ್ಷ ದಾಟಿದರು. ನಮ್ಮ ಮಕ್ಕಳಿಗೆ ಶಾಲೆ ರಜೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಅಂದರೆ ಯುರೋಪಿನವರು ಹೊರಡುವ ಹೊತ್ತಿಗೆ ನಾವು ಹೋಗುತ್ತೇವೆ.

ಖಾಲಿ ತಿಂಗಳಿಂದ ಕಷ್ಟ ಪಡುವವರು ಇದ್ದಾರೆ. ಥಾಯ್ಲೆಂಡಿನ ಈಶಾನ್ಯ ಭಾಗವಾದ ಇಸಾನ್‌ನಿಂದ, ಮ್ಯಾನ್ಮಾರ್‌ನಿಂದ ಬಂದು ಅಡುಗೆಮನೆಯಲ್ಲಿ, ರೂಮು ಸ್ವಚ್ಛ ಮಾಡುತ್ತಾ ದುಡಿಯುವವರಿಗೆ ಬಾಗಿಲು ಮುಚ್ಚಿದರೆ ಸಂಬಳವೂ ನಿಲ್ಲುತ್ತದೆ. ಅವರ ಮಾತು ಬಿಟ್ಟು ‘ದ್ವೀಪಕ್ಕೆ ವಿಶ್ರಾಂತಿ’ ಅಂತ ಬರೆಯುವುದು ಸುಲಭ. ಹಾಗಂತ ಮಳೆಗಾಲವನ್ನು ಡಿಸೆಂಬರ್ ಥರ ಮಾಡಲು ಹೊರಟರೆ ಅವರಿಗೂ ಉಳಿಯುವುದು ಕಮ್ಮಿ, ಕಡಲಿಗಂತೂ ಏನೂ ಉಳಿಯುವುದಿಲ್ಲ.

ಹೋಗುವವರು ಜೂನ್, ಜುಲೈನಲ್ಲೇ ಹೋಗಿ. ಸಾಮಾನ್ಯವಾಗಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಫಿ ಫಿ ಕಡೆಯಿಂದ ಬರುವ ದೋಣಿಗಳು ಕಮ್ಮಿಯಾಗುತ್ತವೆ, ನಿಂತೂ ಹೋಗಬಹುದು. ಮುಖ್ಯ ಭೂಮಿಯ ಕ್ರಾಬಿ ಪಟ್ಟಣದಿಂದ ವ್ಯಾನಿನಲ್ಲಿ ಬಂದು, ಫೆರ್ರಿ ಮತ್ತು ಸೇತುವೆ ದಾಟಿದರೆ ವರ್ಷವಿಡೀ ತಲುಪಬಹುದು. ಪಶ್ಚಿಮದಲ್ಲಿ ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಲೇಬೇಡಿ. ಗುಡ್ಡ ದಾಟಿ ಸಿ ರಾಯಾಗೆ ಹೋಗಿ, ಕಂಬಗಳ ಮೇಲಿನ ಯಾವುದಾದರೊಂದು ಮನೆಯ ಹಿಂಬದಿಯ ಹೋಟೆಲಿನಲ್ಲಿ ಕೂತು ಮೀನು ಊಟ ಮಾಡಿ. ಮಳೆ ಬಂದರೆ ತಗಡಿನ ಮಾಡಿನ ಮೇಲೆ ಸದ್ದು ಕೇಳುತ್ತದೆ. ಕೆಳಗೆ ಹಲಗೆಯ ಸಂದಿನಲ್ಲಿ ನೀರು ಅಷ್ಟೇನೂ ಅಲುಗುವುದಿಲ್ಲ.