ಬಂದೂಕಿನ ಹಿಂಬಾಗಿಲ ಅಗುಳಿ

ತೋಟಾ ಒಳಗೆ ಸಲೀಸಾಗಿ ಕೂತಿತೆಂದರೆ ಬಂದೂಕು ಅದನ್ನು ತಾಳಿಕೊಳ್ಳುತ್ತದೆ ಎಂದು ನಂಬುವವರಿದ್ದಾರೆ. ಬಂದೂಕಿನ ವಿಷಯದಲ್ಲಿ ಇದರಷ್ಟು ಅಪಾಯದ ನಂಬಿಕೆ ಇನ್ನೊಂದಿಲ್ಲ. ಅಮೆರಿಕದ ಹಳೆಯ .38-55 ತೋಟಾದಲ್ಲಿ ಮದ್ದು ತುಂಬುವ ಹಿತ್ತಾಳೆ ಕೇಸ್ 53 ಮಿ.ಮೀ. ಉದ್ದ. 1978ರಲ್ಲಿ ಬಂದ .375 ವಿಂಚೆಸ್ಟರ್ ಅದರ ತಮ್ಮನಂತಿದೆ. ಉದ್ದ 51.3 ಮಿ.ಮೀ., ಆಕಾರ ಹೆಚ್ಚುಕಡಿಮೆ ಅದೇ. ಹಾಗಾಗಿ ತಮ್ಮ ಅಣ್ಣನ ಮನೆಗೆ ಅಡ್ಡಿಯಿಲ್ಲದೆ ನುಗ್ಗುತ್ತಾನೆ. ಆದರೆ ತಾಮ್ರದ ಪುಟ್ಟ ಸಿಲಿಂಡರ್ ಎಷ್ಟು ಜಜ್ಜಿತೆಂದು ನೋಡಿ ಒತ್ತಡ ಅಳೆಯುವ ಹಳೆಯ ಕ್ರಮದಲ್ಲಿ ಅಣ್ಣನ ಮಿತಿ 30,000 ಸಿಯುಪಿ (ಆ ಕ್ರಮದ ಒತ್ತಡದ ಮಾನ), ತಮ್ಮನದು 52,000. ಒಳಗೆ ಹಿಡಿಸುವುದು ಬೇರೆ, ತಡೆದುಕೊಳ್ಳುವುದು ಬೇರೆ.

ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಾದ ಚೇಂಬರನ್ನು ರೀಮರ್ ಎಂಬ ಉಪಕರಣದಿಂದ ಕೊರೆದು, ಬೇರೊಂದು, ಸಾಮಾನ್ಯವಾಗಿ ಮೊದಲಿಗಿಂತ ಜೋರಾದ ತೋಟಾಕ್ಕೆ ಹೊಂದಿಸುವುದನ್ನು ರೀಚೇಂಬರಿಂಗ್ ಎನ್ನುತ್ತಾರೆ. ಟ್ರಿಗರ್ ಬಳಿಯ ಲಿವರ್ ಎಳೆದು ತೋಟಾ ಬದಲಿಸುವ ಲಿವರ್-ಆಕ್ಷನ್ ರೈಫಲಿಗೆ ಇದನ್ನು ಮಾಡುವ ಮಾತು ಬಂದಾಗಲೆಲ್ಲ ಜನ ನಳಿಗೆಯ ದಪ್ಪ ನೋಡುತ್ತಾರೆ. ನೋಡಬೇಕಾದದ್ದು ಹಿಂಬದಿ. ಮದ್ದು ಉರಿದಾಗ ಅನಿಲ ಗುಂಡನ್ನು ಮುಂದಕ್ಕೆ ತಳ್ಳುವಂತೆಯೇ ಕೇಸಿನ ತಳವನ್ನು ಹಿಂದಕ್ಕೆ ತಳ್ಳುತ್ತದೆ. ಆ ತಳಕ್ಕೆ ಆನಿಸಿಕೊಂಡಿರುವುದು ಬೋಲ್ಟ್. ಬೋಲ್ಟ್ ಬಾಗಿಲಾದರೆ ಅದರ ಹಿಂದಿನ ಲಾಕ್ ಅಗುಳಿ. ಕದ ತೇಗದ್ದೇ ಇರಲಿ, ಅಗುಳಿ ಬಿದಿರಿನದಾದರೆ ಏನು ಪ್ರಯೋಜನ?

ಈ ತಳ್ಳುವ ಬಲವನ್ನು ಲೆಕ್ಕ ಹಾಕುವುದು ಸುಲಭ: ಒತ್ತಡವನ್ನು ತಳದ ವಿಸ್ತೀರ್ಣದಿಂದ ಗುಣಿಸಿದರೆ ಸಾಕು. .30-30 ವಿಂಚೆಸ್ಟರಿನ ಗರಿಷ್ಠ ಒತ್ತಡ ಚದರ ಇಂಚಿಗೆ 42,000 ಪೌಂಡ್, ಅಂದರೆ 42,000 ಪಿಎಸ್‌ಐ, ಕಾರಿನ ಟೈರಿನ ಸುಮಾರು 1,300 ಪಟ್ಟು. ಕೇಸಿನ ಬುಡದ ವ್ಯಾಸ 0.422 ಇಂಚು. ಗುಣಿಸಿದರೆ ಸುಮಾರು 2.7 ಟನ್. ದಪ್ಪನೆಯ .45-70ರ ಒತ್ತಡ ಬರೀ 28,000, ಆದರೆ ಬುಡ 0.505 ಇಂಚು. ಅಲ್ಲೂ ಸುಮಾರು 2.5 ಟನ್! .44 ಮ್ಯಾಗ್ನಂ 36,000 ಪಿಎಸ್‌ಐ, ಬುಡ 0.457 ಇಂಚು, ಮತ್ತೆ 2.7 ಟನ್ ಹತ್ತಿರ. ನೋಡಲು ಒಂದಕ್ಕೊಂದು ಹೋಲದ ಮೂರು ತೋಟಾಗಳು ಅಗುಳಿಯ ಮೇಲೆ ಹೆಚ್ಚುಕಡಿಮೆ ಒಂದೇ ಭಾರ ಹಾಕುತ್ತವೆ. ಈ ಲೆಕ್ಕ ಮೊದಲ ಸಲ ಕಂಡಾಗ ಆಗುವ ಖುಷಿಯೇ ಬೇರೆ. ಅದೇ ಲೆಕ್ಕದಲ್ಲಿ .450 ಮಾರ್ಲಿನ್ 4 ಟನ್ ತಳ್ಳುತ್ತದೆ, .454 ಕಸುಲ್ 5.3 ಟನ್. ಈ ಕಸುಲ್ ಹುಟ್ಟಿದ್ದು .45 ಕೋಲ್ಟ್ ಕೇಸನ್ನು ಉದ್ದ ಮಾಡಿ. ಬುಡದ ಅಳತೆ ಎರಡಕ್ಕೂ ಒಂದೇ. ಕೋಲ್ಟ್ ತಳ್ಳುವುದು 1.15 ಟನ್ ಮಾತ್ರ. .45 ಕೋಲ್ಟ್ ಚೇಂಬರನ್ನು ಕೆಲವೇ ಮಿ.ಮೀ. ಆಳ ಮಾಡಿದರೆ ಕಸುಲ್ ಕೂರುತ್ತದೆ, ಅಗುಳಿಯ ಭಾರ ಮಾತ್ರ ನಾಲ್ಕೂವರೆ ಪಟ್ಟಾಗುತ್ತದೆ.

ಅಗುಳಿಯ ಇತಿಹಾಸವೂ ಸೊಗಸಾಗಿದೆ. 1873ರ ವಿಂಚೆಸ್ಟರಿನಲ್ಲಿ ಅಗುಳಿಯೆಂದರೆ ಮೊಣಕಾಲಿನಂಥ ಕೀಲು. ಕಾಲು ನೆಟ್ಟಗೆ ಚಾಚಿ ಗೋಡೆಗೆ ಒತ್ತುಕೊಟ್ಟರೆ ತಡೆಯಬಹುದು, ಸ್ವಲ್ಪ ಮಡಿಚಿದರೂ ಕುಸಿಯುತ್ತೇವೆ. ಆ ಕಾಲದ .44-40 ತೋಟಾಕ್ಕೆ ಅದು ಸಾಕಾಗಿತ್ತು, ಅದರ ತಳ್ಳುವಿಕೆ 1 ಟನ್ನಿಗೂ ಕಡಿಮೆ. ಸೈನ್ಯದ .45-70ಕ್ಕೆ 1876ರ ದೊಡ್ಡ ಮಾದರಿಯಲ್ಲೂ ಜಾಗ ಸಾಲಲಿಲ್ಲ. ಜಾನ್ ಬ್ರೌನಿಂಗ್ ವಿನ್ಯಾಸದ 1886ರ ಮಾದರಿ ಕೀಲನ್ನೇ ಕೈಬಿಟ್ಟು, ಬೋಲ್ಟಿನ ಎರಡು ಪಕ್ಕದಲ್ಲಿ ಲಂಬವಾಗಿ ಮೇಲೇಳುವ ಎರಡು ಉಕ್ಕಿನ ತುಂಡುಗಳನ್ನು ಇಟ್ಟಿತು. ಹಳ್ಳಿ ಮನೆಯ ಕದಕ್ಕೆ ಅಡ್ಡಗಂಬ ಕೊಟ್ಟಂತೆ. ಅದರ ಸುಧಾರಿತ ರೂಪವೇ 1935ರ ಮಾಡೆಲ್ 71. ಅಲಾಸ್ಕಾದ ಕೂಪರ್ ಲ್ಯಾಂಡಿಂಗ್‌ನ ಹೆರಾಲ್ಡ್ ಜಾನ್ಸನ್ ಮಾಡೆಲ್ 71ರ .348 ಕೇಸಿನ ಬಾಯನ್ನು 0.458 ಇಂಚಿನ ಗುಂಡಿಗೆ ಅಗಲಿಸಿ .450 ಅಲಾಸ್ಕನ್ ಮಾಡಿದ್ದು ಕಂದು ಕರಡಿಗಳ ನಾಡಿನ ಅಗತ್ಯಕ್ಕೆ. ಇದಕ್ಕೆ ಚೇಂಬರ್ ಕೊರೆದರೆ ಸಾಲದು, ನಳಿಗೆಯನ್ನೂ ಬದಲಿಸಬೇಕು ಅಥವಾ ಒಳಗಿನಿಂದ ಹಿಗ್ಗಿಸಬೇಕು.

ಈ ಎಲ್ಲ ಮಾದರಿಗಳಿಗೂ ಒಂದು ದೌರ್ಬಲ್ಯವಿದೆ. ಅಗುಳಿ ಇರುವುದು ಬೋಲ್ಟಿನ ಹಿಂತುದಿಯಲ್ಲಿ. ಹೀಗಾಗಿ ಗುಂಡು ಹಾರುವ ಕ್ಷಣದಲ್ಲಿ ಉದ್ದನೆಯ ಬೋಲ್ಟ್ ಸ್ಪ್ರಿಂಗಿನಂತೆ ಕುಗ್ಗುತ್ತದೆ, ಅದನ್ನು ಹೊತ್ತ ಲೋಹದ ಚೌಕಟ್ಟಾದ ರಿಸೀವರ್ ಹಿಗ್ಗುತ್ತದೆ. ಬೋಲ್ಟ್ 100 ಮಿ.ಮೀ. ಉದ್ದ, ಅಡ್ಡಕೊಯ್ತ 1.5 ಚದರ ಸೆಂ.ಮೀ. ಎಂದಿಟ್ಟುಕೊಳ್ಳಿ. 2.7 ಟನ್ನಿಗೆ ಅದು ಸುಮಾರು 0.09 ಮಿ.ಮೀ. ಕುಗ್ಗುತ್ತದೆ, ತಲೆಗೂದಲಿನಷ್ಟು. 5.3 ಟನ್ನಿಗೆ ಅದರ ಎರಡರಷ್ಟು. ಉಕ್ಕು ಮತ್ತೆ ಮೊದಲಿನಂತಾಗುತ್ತದೆ, ಹಿತ್ತಾಳೆ ಆಗುವುದಿಲ್ಲ. ಕೇಸಿನ ಮುಂಭಾಗ ಚೇಂಬರಿಗೆ ಅಂಟಿ ನಿಂತಿರುತ್ತದೆ, ತಳ ಹಿಂದೆ ಸರಿಯುತ್ತದೆ, ನಡುವಿನ ಗೋಡೆ ಎಳೆದ ಹಿಟ್ಟಿನಂತೆ ತೆಳುವಾಗುತ್ತದೆ.

ಇನ್ನು ಆ ಅಂಟುವಿಕೆಯ ಮಾತು. ಒತ್ತಡ ಏರುತ್ತಿದ್ದಂತೆ ತೆಳ್ಳನೆಯ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆ ಹಿಡಿಯುತ್ತದೆ. ತುಂಬಿದ ಬಿಂದಿಗೆಯನ್ನು ಒಣ ಕೈ ಹಿಡಿದಂತೆ, ಒತ್ತಿ ಕೂರಿಸಿದ ಬಿರಡೆ ಸೀಸೆಯ ಕೊರಳನ್ನು ಹಿಡಿದಂತೆ. ಹಿಂದಕ್ಕೆ ಹೋಗಬೇಕಿದ್ದ ಬಲದ ಒಂದು ಪಾಲನ್ನು ಈ ಘರ್ಷಣೆಯೇ ಹೊರುತ್ತದೆ. ಗೋಡೆ ನೇರವಾಗಿದ್ದಷ್ಟೂ ಹಿಡಿತ ಹೆಚ್ಚು, ಬುಡದಿಂದ ಬಾಯಿಗೆ ಚೂಪಾಗುತ್ತ ಹೋದಷ್ಟೂ ಬೆಣೆಯಂತೆ ಜಾರಿಕೆ ಹೆಚ್ಚು. ಪಿ. ಓ. ಆಕ್ಲಿ ಎಂಬ ಬಂದೂಕು ತಜ್ಞ .30-30ರ ಗೋಡೆಯನ್ನು ನೇರ ಮಾಡಿ, ಕೇಸ್ ಬಾಯಿಯ ಕಡೆಗೆ ಕಿರಿದಾಗುವ ಭುಜವನ್ನು 40 ಡಿಗ್ರಿಗೆ ತಿರುಗಿಸಿದ 'ಇಂಪ್ರೂವ್ಡ್' ಚೇಂಬರನ್ನು ವಿಂಚೆಸ್ಟರ್ 94ರಲ್ಲಿ ಕೊರೆದು, ಅಗುಳಿಯನ್ನೇ ತೆಗೆದು ಹಾರಿಸಿ ತೋರಿಸಿದ. ಕೇಸ್ ಚೇಂಬರಿನಲ್ಲೇ ಕಚ್ಚಿ ನಿಂತಿತು. ಇದನ್ನು ಓದಿ ಅಗುಳಿ ಮುಖ್ಯವಲ್ಲ ಎಂದುಕೊಂಡವರು ಪ್ರಯೋಗವನ್ನು ತಲೆಕೆಳಗು ಮಾಡಿದರು. ಚೇಂಬರಿನಲ್ಲಿ ಒಂದು ಹನಿ ಎಣ್ಣೆ ಉಳಿದರೆ ಬಿಂದಿಗೆ ಹಿಡಿದ ಕೈ ಒದ್ದೆಯಾದಂತೆ, ಪೂರ್ತಿ ಭಾರ ಅಗುಳಿಯ ಮೇಲೆ. ಒತ್ತಡ ಇನ್ನೂ ಏರಿದರೆ ಹಿಡಿದ ಹಿತ್ತಾಳೆಯೇ ಹರಿಯುತ್ತದೆ. ಹಿಡಿತವನ್ನು ಲಾಭವೆಂದು ತಿಳಿಯಬೇಕು, ಲೆಕ್ಕಕ್ಕೆ ಸೇರಿಸಬಾರದು.

.30-30 ಇಂಪ್ರೂವ್ಡ್ ಕೆಲಸ ಲಿವರ್ ರೈಫಲಿಗೆ ಒಗ್ಗುವಂಥದ್ದು. ಈ ತೋಟಾ ಚೇಂಬರಿನಲ್ಲಿ ನಿಲ್ಲುವುದು ಬುಡದ ಅಂಚಿನ ಆಧಾರದಲ್ಲಿ, ಅಂಚಿನ ದಪ್ಪ ಸುಮಾರು 1.6 ಮಿ.ಮೀ. ರೀಮರ್ ಆ ಅಂಚಿನ ತೋಡನ್ನು ಮುಟ್ಟದೆ ಗೋಡೆ ಮತ್ತು ಭುಜವನ್ನಷ್ಟೇ ಕೊರೆಯಬೇಕು. ತೋಡು ಆಳವಾಯಿತೋ, ತಳಕ್ಕೆ ಹಿಂದೆ ಸರಿಯಲು ಜಾಗ ಸಿಕ್ಕಿತು. ಕಟಿಂಗ್ ಆಯಿಲ್ ಹಾಕಿ, ಕೆಲವು ಸುತ್ತಿಗೊಮ್ಮೆ ಹೊರತೆಗೆದು ಚೂರು ಒರೆಸಿ, ಹಿಮ್ಮುಖ ತಿರುಗಿಸದೆ ಕೊರೆಯುತ್ತಾರೆ. ಹಿಂದಕ್ಕೆ ತಿರುಗಿಸಿದರೆ ಅಲಗು ಮೊಂಡಾಗುತ್ತದೆ. ಮುಗಿದ ಮೇಲೆ ಎಣ್ಣೆಯನ್ನು ಪೂರ್ತಿ ತೊಳೆಯುತ್ತಾರೆ, ಕನ್ನಡಿಯಂತೆ ಹೊಳಪು ಕೊಡುವುದಿಲ್ಲ. ಕಾರಣ ಆಗಲೇ ಗೊತ್ತಾಯಿತಲ್ಲ. ಕೊನೆಗೆ ಗೋ ಮತ್ತು ನೋ-ಗೋ ಎಂಬ ಅಳತೆಯ ತುಂಡುಗಳಿಂದ ಬೋಲ್ಟಿಗೂ ಅಂಚಿನ ತೋಡಿಗೂ ನಡುವಿನ ಅಂತರ ಪರೀಕ್ಷಿಸುತ್ತಾರೆ. ಭಾರತದಲ್ಲಿ 1959ರ ಶಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದವರು ಬಂದೂಕನ್ನು ಮಾರ್ಪಡಿಸುವಂತಿಲ್ಲ, ದುರಸ್ತಿ ಮಾಡಿಕೊಡುವಂತೆಯೂ ಇಲ್ಲ.

ಚೇಂಬರ್ ಸರಿಯಾದರೂ ಯಂತ್ರ ಒಪ್ಪಬೇಕು. .30-30, .45-70 ಎರಡರ ತೋಟಾದ ಒಟ್ಟು ಉದ್ದ 2.55 ಇಂಚು ಮೀರುವುದಿಲ್ಲ. ತೋಟಾ ಎತ್ತುವ ಕ್ಯಾರಿಯರ್ ಅಷ್ಟಕ್ಕೇ ಅಳತೆಯಾದದ್ದು. ಉದ್ದವಾದರೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಳವೆ ಮ್ಯಾಗಜಿನ್‌ನಲ್ಲಿ ಒಂದರ ಮೂತಿ ಇನ್ನೊಂದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿಗೆ ತಾಗುವುದರಿಂದ ಚೂಪು ಲೋಹದ ಮೂತಿಯ ಗುಂಡು ಸಲ್ಲದು.

.375 ವಿಂಚೆಸ್ಟರಿಗಾಗಿ ಕಂಪನಿ 94ರ 'ಬಿಗ್ ಬೋರ್' ತಂದಾಗ ಉಕ್ಕು ಸೇರಿಸಿದ್ದು ಎಲ್ಲಿ ಗೊತ್ತೆ? ರಿಸೀವರಿನ ಹಿಂಭಾಗದ ಗೋಡೆಗಳಿಗೆ, ಅಗುಳಿ ಆನಿಸಿಕೊಳ್ಳುವ ಜಾಗಕ್ಕೆ. ಮಾರ್ಪಡಿಸಿದ ರೈಫಲಿನಲ್ಲೂ ತೊಂದರೆ ಶುರುವಾಗುವುದು ಅಲ್ಲಿಂದಲೇ, ಆದರೆ ಮೊದಲು ಕಾಣುವುದು ಕೇಸಿನ ಮೇಲೆ. ಖಾಲಿ ಕೇಸಿನ ಬುಡದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡರೆ ಗೋಡೆ ಒಳಗಿನಿಂದ ತೆಳುವಾಗುತ್ತಿದೆ. ಸಣ್ಣ ತಂತಿಯ ತುದಿ ಬಗ್ಗಿಸಿ ಒಳಗೆ ಎಳೆದರೆ ಹಳ್ಳ ಕೈಗೆ ಸಿಗುತ್ತದೆ, ಆ ಕೇಸಿಗೆ ಮತ್ತೆ ಮದ್ದು ತುಂಬದೆ ಎಸೆಯಬೇಕು. ಕಚ್ಚಿದ ಕೇಸನ್ನು ಸಡಿಲಿಸಿ ಎಳೆಯುವ ಶಕ್ತಿ ಲಿವರಿಗೆ ಕಡಿಮೆ. ಆದ್ದರಿಂದ ಲಿವರ್ ಬಿಗಿಯಾಗಿ ಬಂದ ದಿನವೇ ತೋಟಾಕ್ಕೆ ತುಂಬುವ ಮದ್ದಿನ ಪ್ರಮಾಣ ಇಳಿಸಬೇಕು, ಮುಂದಿನ ತೋಟಾ ಹಾರಿಸುವ ಮೊದಲು.