ಬಾಲ ಮುಂದೆ ಬರಲು ಹೊರಟಾಗ

ಚಕ್ರ ನೆಲ ಮುಟ್ಟಿದರೆ ಸಾಕು, ಇನ್ನು ಭಯವಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಬಾಲದಡಿ ಚಕ್ರವಿರುವ ಪುಟ್ಟ ವಿಮಾನ ಓಡಿಸುವವರ ಮುಂದೆ ಹೀಗೆ ಹೇಳಿ ನೋಡಿ, ನಕ್ಕುಬಿಡುತ್ತಾರೆ. ನೀಟಾಗಿ ಇಳಿದ ವಿಮಾನ ನೆಲದ ಮೇಲೆ ಓಡುತ್ತಿರುವಾಗಲೇ ಗಿರಕಿ ಹೊಡೆದು, ಬಂದ ದಾರಿಗೇ ಮುಖ ಮಾಡಿ ನಿಲ್ಲುವುದುಂಟು. ಇದೇ ಗ್ರೌಂಡ್ ಲೂಪ್.

ಸುಮ್ನೆ ಪೈಲಟ್‌ನನ್ನೇ ಬೈಯಬೇಡಿ. ಪೈಪರ್ ಕಬ್‌ನಂಥ ವಿಮಾನದ ಎರಡು ದೊಡ್ಡ ಚಕ್ರಗಳು ಮುಂದಿರುತ್ತವೆ, ಭಾರದ ಕೇಂದ್ರ ಅವುಗಳ ಹಿಂದಿರುತ್ತದೆ. ಎಡವಟ್ಟು ಇರುವುದೇ ಇಲ್ಲಿ. ಮೂತಿ ಒಂಚೂರು ಎಡಕ್ಕೆ ಹೊರಳಿತು ಅನ್ನಿ. ಚಕ್ರಗಳು ಎಡಕ್ಕೆ ಎಳೆಯುತ್ತವೆ, ಹಿಂದಿನ ಭಾರ ಮಾತ್ರ ನೇರವಾಗಿಯೇ ಹೋಗುತ್ತೇನೆ ಅನ್ನುತ್ತದೆ. ಆಗ ಬಾಲ ಬಲಕ್ಕೆ ಸರಿಯುತ್ತದೆ, ಮೂತಿ ಎಡಕ್ಕೆ ಇನ್ನೂ ಜಾಸ್ತಿ ತಿರುಗುತ್ತದೆ. ತಿರುವು ಬಿಗಿಯಾದಷ್ಟೂ ಭಾರದ ತಳ್ಳಾಟ ಜೋರು. ಕೊನೆಗೆ ವಿಮಾನ ವಾಲಿ, ಹೊರಗಿನ ರೆಕ್ಕೆಯ ತುದಿ ನೆಲ ಕೆರೆಯಬಹುದು.

ಎರಡು ಚಕ್ರ ಮಾತ್ರ ಅತ್ತಿತ್ತ ತಿರುಗುವ ತಳ್ಳುಗಾಡಿ ನೋಡಿದ್ದೀರಲ್ವಾ? ಆ ಚಕ್ರಗಳು ಹಿಂದೆ ಬರುವ ಹಾಗೆ ಜೋರಾಗಿ ತಳ್ಳಿ ಕೈಬಿಡಿ. ಗಾಡಿ ತಾನೇ ಸುತ್ತು ಹಾಕಿ ತಿರುಗುತ್ತದೆ. ಇನ್ನೊಂದು: ಅಂಗೈ ಮೇಲೆ ನಿಲ್ಲಿಸಿದ ಕೋಲು. ವಾಲಿದಷ್ಟೂ ವಾಲುವ ಚಟ ಅದಕ್ಕೂ ಇದೆ.

ಇಳಿದ ಮೇಲೆ ವೇಗ ಕಡಿಮೆಯಾಯಿತಲ್ಲ, ಸುಲಭ ಅಲ್ವಾ? ಉಲ್ಟಾ. ಬಾಲದ ರಡ್ಡರ್‌ಗೆ, ಅಂದರೆ ಪೈಲಟ್ ಪೆಡಲ್ ಒತ್ತಿ ಅತ್ತಿತ್ತ ತಿರುಗಿಸುವ ಹಲಗೆಗೆ, ಬಲ ಕೊಡುವುದೇ ಗಾಳಿ. ವೇಗ ಅರ್ಧಕ್ಕಿಳಿದರೆ ಆ ಬಲ ಕಾಲು ಭಾಗಕ್ಕಿಳಿಯುತ್ತದೆ. ಅಡ್ಡಗಾಳಿಗೆ ಇದರ ಹಂಗಿಲ್ಲ, ಅದು ಬಾಲವನ್ನು ತಳ್ಳುತ್ತಲೇ ಇರುತ್ತದೆ. ಅದಕ್ಕೇ ಪೈಲಟ್‌ನ ಪಾದಗಳಿಗೆ ಪುರುಸೊತ್ತಿಲ್ಲ. ಮೂತಿ ಎಡಕ್ಕೆ ಹೊರಳಿದರೆ ಬಲ ಪೆಡಲ್ ಚೂರು ಒತ್ತಬೇಕು, ಮೂತಿ ನೇರವಾಗುವ ಮೊದಲೇ ಬಿಡಬೇಕು. ತಡಮಾಡಿದರೆ ಅದು ಆ ಕಡೆ ಹೊರಳುತ್ತದೆ, ಆಗ ಎಡ ಪೆಡಲ್.

ನುರಿತವರಿಗೂ ಇದು ತಪ್ಪಿದ್ದಲ್ಲ. 1937ರ ಮಾರ್ಚ್‌ನಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಅಮೆರಿಕದ ಹೆಸರಾಂತ ಪೈಲಟ್ ಅಮೀಲಿಯಾ ಇಯರ್‌ಹಾರ್ಟ್ ಅವರ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನ ಹೀಗೇ ತಿರುಗಿ ಜಖಂ ಆಯಿತು. ಅದು ಆದದ್ದು ಮೇಲೇರುವ ಓಟದಲ್ಲಿ, ನಿಜ. ಆದರೆ ಲೆಕ್ಕ ಇದೇ.

ಪರಿಹಾರ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ: ಮೂತಿಯಡಿ ಒಂದು ಚಕ್ರ ಇಟ್ಟು, ದೊಡ್ಡ ಚಕ್ರಗಳನ್ನು ಭಾರದ ಹಿಂದಕ್ಕೆ ಸರಿಸುವುದು. ಸೆಸ್ನಾ 170ರ ಬಾಲದ ಚಕ್ರ ಹೋಗಿ 1956ರಲ್ಲಿ 172 ಬಂದದ್ದು ಹಾಗೆ. ಈಗ ಭಾರ ಮುಂದಿರುತ್ತದೆ. ಹೊರಳಿದ ಮೂತಿಯನ್ನು ನೇರ ದಾರಿಗೆ ಎಳೆದು ತರುವುದೂ ಅದೇ ಭಾರ.