ಕ್ಲಿಪ್‌ಲೆಸ್ ಪೆಡಲ್: ಎರಡು ಬೋಲ್ಟೋ, ಮೂರು ಬೋಲ್ಟೋ?

ಪ್ರಶ್ನೆ: ಆರು ತಿಂಗಳ ಹಿಂದೆ ರೋಡ್ ಬೈಕ್ ತಗೊಂಡೆ. ಭಾನುವಾರ ಸುರತ್ಕಲ್‌ನಿಂದ ಕಾಪುವಿಗೆ, ಒಮ್ಮೊಮ್ಮೆ ಮಲ್ಪೆವರೆಗೂ ಹೋಗಿ ಬರುತ್ತೇನೆ. ಜೊತೆಯವರೆಲ್ಲ ಕ್ಲಿಪ್‌ಲೆಸ್ ಪೆಡಲ್ ಹಾಕಿಸಿ ಅಂತಾರೆ. ಒಬ್ಬರು ಮೂರು ಬೋಲ್ಟಿನದ್ದೇ ಸರಿ ಅಂದರೆ ಇನ್ನೊಬ್ಬರು ಎರಡು ಬೋಲ್ಟಿನದ್ದು ಅಂತಾರೆ. ಬೀಳುವ ಭಯ ಇದೆ. ಬಲ ಮೊಣಕಾಲೂ ಆಗಾಗ ನೋಯುತ್ತದೆ. ಯಾವುದು ತಗೊಳ್ಳಲಿ?

ಉತ್ತರ: ಎರಡು ಬೋಲ್ಟಿನದ್ದು ತಗೊಳ್ಳಿ. (ಪೆಡಲ್‌ಗೆ ಕಚ್ಚಿಕೊಳ್ಳುವ ತುಂಡಿನ ಹೆಸರು ಕ್ಲೀಟ್. ಅದನ್ನು ಶೂ ಅಡಿಗೆ ಕೂರಿಸುವ ಬೋಲ್ಟುಗಳ ಲೆಕ್ಕ ಇದು.) ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲಲ್ಲಿ ಕ್ಲಿಪ್ ಇರುವಂಥದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು.

ಉಳಿದವರಿಗೆ, ಮೊದಲು ಹೆಸರಿನ ಗೊಂದಲ ಬಿಡಿಸುತ್ತೇನೆ. ಶೂ ಹೋಗಿ ಪೆಡಲ್‌ಗೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಆದರೂ ಹೆಸರು ಮಾತ್ರ 'ಕ್ಲಿಪ್ ಇಲ್ಲದ್ದು'! ಹಿಂದೆ ರೇಸಿನವರು ಪೆಡಲ್ ಮುಂದೆ ಪಂಜರದಂಥ ಒಂದು ಕಂಬಿ ಕೂರಿಸಿ, ಅದರೊಳಗೆ ಕಾಲು ತೂರಿಸಿ, ಬೆಲ್ಟ್ ಬಿಗಿಯುತ್ತಿದ್ದರು. ಆ ಕಂಬಿಯ ಹೆಸರು ಟೋ ಕ್ಲಿಪ್. ಅದಿಲ್ಲದ ಪೆಡಲ್ ಬಂದಾಗ ಕ್ಲಿಪ್‌ಲೆಸ್ ಅಂದರು. ಇದನ್ನು ಪೇಟೆಗೆ ತಂದದ್ದು ಫ್ರಾನ್ಸಿನ ಲುಕ್ ಕಂಪನಿ, 1984ರಲ್ಲಿ. ಅವರ ಮೂಲ ಕಸುಬು ಸ್ಕೀ ಬೈಂಡಿಂಗ್. ಹಿಮದಲ್ಲಿ ಜಾರುವವರ ಬೂಟನ್ನು ಹಲಗೆಗೆ ಹಿಡಿದಿಟ್ಟು, ಕಾಲು ತಿರುಚಿದಾಗ ಬಿಟ್ಟುಕೊಡುವ ಸಾಧನ ಅದು. ಅದೇ ಉಪಾಯವನ್ನು ಪೆಡಲ್‌ಗೆ ಹಾಕಿದರು. 1985ರಲ್ಲಿ ಬರ್ನಾರ್ಡ್ ಇನೋ ಆ ಪೆಡಲ್ ತುಳಿದೇ ಟೂರ್ ದ ಫ್ರಾನ್ಸ್ ಗೆದ್ದರು. ಆಮೇಲೆ ಪಂಜರ ಮೂಲೆ ಸೇರಿತು.

ಈಗ ರೋಡ್ ಬೈಕಿಗೆ ಹಾಕುವವುಗಳಲ್ಲಿ ಮೂರು ಬೋಲ್ಟಿನ ಲುಕ್ ಕಿಯೋ ಮತ್ತು ಶಿಮಾನೋದ ಎಸ್‌ಪಿಡಿ-ಎಸ್‌ಎಲ್ ಒಂದು ಕಡೆ. ಶೂ ಅಡಿಗೆ ಅಗಲವಾದ ಪ್ಲಾಸ್ಟಿಕ್ ಕ್ಲೀಟ್ ಬರುತ್ತದೆ. ಇವೆರಡರ ಕ್ಲೀಟ್ ನೋಡಲಿಕ್ಕೆ ಅಣ್ಣ ತಮ್ಮಂದಿರ ಹಾಗಿವೆ, ಆದರೆ ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಎರಡು ಬೋಲ್ಟಿನದ್ದು ಅಂದರೆ ಶಿಮಾನೋ 1990ರಲ್ಲಿ ಮೌಂಟನ್ ಬೈಕಿಗಾಗಿ ತಂದ ಎಸ್‌ಪಿಡಿ. ಅದರ ಕ್ಲೀಟ್ ಸಣ್ಣ ಲೋಹದ ತುಂಡು. ಶೂವಿನ ರಬ್ಬರ್ ಅಡಿಯೊಳಗೆ ಅಡಗಿ ಕೂರುತ್ತದೆ.

ಮೂರು ಬೋಲ್ಟಿನದ್ದರಲ್ಲಿ ಅಡಿ ಅಗಲ, ಒತ್ತಡ ಹರಡುತ್ತದೆ, ಕಾಲು ಗಟ್ಟಿಯಾಗಿ ಕೂರುತ್ತದೆ. ನಿಜವೇ. ಆದರೆ ಶೂವಿನ ಅಡಿ ಗಡುಸಾಗಿದ್ದರೆ ಎರಡು ಬೋಲ್ಟಿನದ್ದರಲ್ಲಿ ಭಾನುವಾರದ ಸವಾರನಿಗೆ ದೊಡ್ಡ ನಷ್ಟವೇನೂ ಇಲ್ಲ. ನಾನು ಕೇಳುವ ಪ್ರಶ್ನೆ ಬೇರೆ. ನಿಮ್ಮ ಕಾಲು ನೆಲಕ್ಕೆ ಎಷ್ಟು ಸಲ ಇಳಿಯುತ್ತದೆ?

ನಿಮ್ಮ ದಾರಿಯನ್ನೇ ನೋಡಿ. ಹೆದ್ದಾರಿ 66ರಲ್ಲಿ ಮೂಲ್ಕಿ, ಪಡುಬಿದ್ರಿ, ಉಚ್ಚಿಲ ದಾಟಬೇಕು. ಮುಂದಿನ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದೆ. ನಡುವೆ ಎಲ್ಲೋ ಹೋಟೆಲಿಗೆ ನುಗ್ಗಿ ಬನ್ಸ್, ಚಾ ಆಗಬೇಕು. ಅಲ್ಲಿ ಒರೆಸಿದ ಹಸಿ ಟೈಲ್ಸ್. ಕಾಪುವಿನಲ್ಲಿ ದೀಪಸ್ತಂಭದ ಹತ್ತಿರ ಇಳಿದು ನಡೆಯದೆ ಇರುತ್ತೀರಾ? ಪ್ಲಾಸ್ಟಿಕ್ ಕ್ಲೀಟ್ ಹಾಕಿಕೊಂಡು ಟೈಲ್ಸ್ ಮೇಲೆ ನಡೆಯುವುದು ಅಂದರೆ ಬಾತುಕೋಳಿ ನಡಿಗೆ, ಅದೂ ಎಣ್ಣೆ ಚೆಲ್ಲಿದ ನೆಲದಲ್ಲಿ. ಮೇಲಾಗಿ ನಡೆದಷ್ಟೂ ಅದು ಸವೆಯುತ್ತದೆ, ಆಗಾಗ ಬದಲಿಸಬೇಕು. ಇನ್ನು ಮಳೆಗಾಲದ ಅಂಗಳ. ಪಾಚಿಗೆ ಹೆದರಿ ಅಡಿಕೆ ದಬ್ಬೆ ಹಾಸಿಕೊಂಡು ಬರಿಗಾಲಲ್ಲೇ ಹುಷಾರಾಗಿ ಓಡಾಡುವವರು ನಾವು. ಅಲ್ಲಿ ಮೂರು ಬೋಲ್ಟಿನ ಶೂ ಹಾಕಿ ಇಳಿಯುವ ಧೈರ್ಯ ನನಗಂತೂ ಇಲ್ಲ.

200 ಕಿ.ಮೀ. ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸುವ ದೂರದ ಸವಾರಿಗೆ, ಹೋಗುವವರನ್ನು ಗಮನಿಸಿ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ನಡುವೆ ಕಂಟ್ರೋಲ್ ಅನ್ನುವ ಹಾಜರಿ ಜಾಗಗಳಲ್ಲಿ ಇಳಿಯಲೇಬೇಕು. ಅವರಲ್ಲೂ ಎರಡು ಬೋಲ್ಟಿನವರು ಬೇಕಾದಷ್ಟು ಜನ ಸಿಗುತ್ತಾರೆ. ರೇಸಿಗೆ ಇಳಿಯುವವರು, ಎರಡು ಮೂರು ಗಂಟೆ ಕಾಲು ಕೆಳಗಿಡದೆ ತುಳಿಯುವವರು ಮೂರು ಬೋಲ್ಟಿನದ್ದು ಹಾಕಿಕೊಳ್ಳಲಿ.

ಒಂದು ಮಾತು ಮಾತ್ರ ಜಾಸ್ತಿ ನಂಬಬೇಡಿ. ಕಾಲನ್ನು ಮೇಲಕ್ಕೆ ಎಳೆದೂ ತುಳಿಯಬಹುದು, ಅದರಿಂದ ಶಕ್ತಿ ಉಳಿಯುತ್ತದೆ ಅನ್ನುವುದು. ಸಮಗತಿಯಲ್ಲಿ ಹೋಗುವಾಗ ಕೆಲಸ ನಡೆಯುವುದು ಕೆಳಗೆ ಒತ್ತುವುದರಿಂದಲೇ. ನಿಜವಾದ ಲಾಭ ಇಷ್ಟು: ಹೊಂಡ ಹಾರಿದಾಗ ಕಾಲು ಪೆಡಲ್ ಬಿಡುವುದಿಲ್ಲ, ಮಳೆಯಲ್ಲಿ ಜಾರುವುದಿಲ್ಲ, ಮಣಿಪಾಲದ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಧೈರ್ಯ ಬರುತ್ತದೆ.

ಬೀಳುವ ಭಯಕ್ಕೆ ಬರೋಣ. ಬೀಳುತ್ತೀರಿ. ಒಂದು ಸಲವಾದರೂ. ನಾನು ಬಿದ್ದದ್ದು ಮಂಗಳೂರಿನ ನಂತೂರಿನಲ್ಲಿ, ವೇಗ ಸೊನ್ನೆ. ಮುಂದಿನ ಬಸ್ಸು ಗಕ್ಕನೆ ನಿಂತಿತು, ನಾನೂ ನಿಂತೆ. ಎಡಗಾಲು ಬಿಡಿಸಿಯೂ ಆಗಿತ್ತು. ಆದರೆ ಸೈಕಲ್ ವಾಲಿದ್ದು ಬಲಕ್ಕೆ! ಬಲಗಾಲು ಪೆಡಲ್‌ನಲ್ಲೇ ಇದ್ದ ಹಾಗೆಯೇ ಬಾಳೆಗಿಡ ಕಡಿದಂತೆ ನಿಧಾನವಾಗಿ ಒರಗಿದೆ. ಕಂಡಕ್ಟರ್ ಬಾಗಿಲಿಂದ ಬಗ್ಗಿ "ದಾನೆ ಆಂಡ್ ಮಾರಾಯ್ರೆ?" (ಏನಾಯ್ತು ಮಾರಾಯ್ರೆ?) ಅಂದರು. ಹಿಂದಿನ ರಿಕ್ಷಾದವರು ಹೇಗೋ ಬ್ರೇಕ್ ಹಾಕಿದ್ದರು.

ಸ್ಕೀ ಬೈಂಡಿಂಗ್ ಬಗ್ಗೆ ಹೇಳಿದ್ದೆನಲ್ಲ, ಕಾಲು ತಿರುಚಿದಾಗ ಬಿಡುತ್ತದೆ ಅಂತ. ವೇಗವಾಗಿ ಹೋಗಿ ಬಿದ್ದರೆ ಕಾಲು ತಾನಾಗಿ ತಿರುಚುತ್ತದೆ, ಹಾಗಾಗಿ ಹೆಚ್ಚಾಗಿ ಕ್ಲೀಟ್ ಬಿಡುತ್ತದೆ. ನಿಂತಲ್ಲೇ ಒರಗಿದರೆ ತಿರುಚುವುದೇ ಇಲ್ಲ. ಅದಕ್ಕೇ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸುವುದು ಅಭ್ಯಾಸವಾಗಬೇಕು. ಗಾಬರಿಯಲ್ಲಿ ನಾವು ಕಾಲನ್ನು ಮೇಲಕ್ಕೆ ಎಳೆಯುತ್ತೇವೆ, ಅದು ಬರುವುದಿಲ್ಲ.

ಮೊದಲ ವಾರ ಗೋಡೆ ಹಿಡಿದು ನಿಂತು ನೂರು ಸಲ ಹಾಕಿ ತೆಗೆಯಿರಿ. ಆಮೇಲೆ ಶಾಲೆ ಮೈದಾನದ ಹುಲ್ಲಿನಲ್ಲಿ. ರಸ್ತೆಗೆ ಬಂದ ಮೇಲೆ ನಿಲ್ಲುವುದಕ್ಕೆ ಹತ್ತು ಮೀಟರ್ ಮೊದಲೇ ಎಡಗಾಲು ಬಿಡಿಸಿ, ಸೀಟಿನಿಂದ ಮುಂದೆ ಸರಿದು, ಮೈಯನ್ನು ಎಡಕ್ಕೇ ವಾಲಿಸಿ. ನಮ್ಮಲ್ಲಿ ಬಲಕ್ಕೆ ಬಿದ್ದರೆ ಲಾರಿ ಕಡೆಗೆ ಬಿದ್ದ ಹಾಗೆ. ಪೆಡಲ್‌ನಲ್ಲಿ ಸ್ಪ್ರಿಂಗ್ ಬಿಗಿ ಮಾಡುವ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಸಾಕಷ್ಟು ಸಡಿಲವೇ ಇಡಿ, ಎರಡೂ ಕಡೆ ಒಂದೇ ಸಮ. ಶಿಮಾನೋದಲ್ಲಿ ಎಸ್‌ಎಚ್56 ಅನ್ನುವ ಕ್ಲೀಟ್ ಕೇಳಿ ನೋಡಿ, ಇಂಗ್ಲಿಷಿನ 'ಎಂ' ಅಕ್ಷರದ ಗುರುತು ಇರುತ್ತದೆ. ಎಸ್‌ಎಚ್51 ಹೊರಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. 56 ಜೋರಾಗಿ ಮೇಲೆ ಎಳೆದರೂ ಬಿಟ್ಟೀತು. ಗಾಬರಿ ಬೀಳುವವರಿಗೆ ಹೇಳಿ ಮಾಡಿಸಿದ್ದು.

ಮೊಣಕಾಲು ನೋವಿಗೆ ಪೆಡಲ್ ಮದ್ದಲ್ಲ. ನೋವು ಮುಂಭಾಗದಲ್ಲಿದ್ದರೆ ಮೊದಲು ಸೀಟಿನ ಎತ್ತರ ನೋಡಿ. ಸೀಟು ತಗ್ಗಾಗಿರುವುದು ಸಾಮಾನ್ಯ ಕಾರಣ. ಕ್ಲೀಟ್ ಕೂರಿಸುವಾಗ ಜಗಲಿ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಪಾದ ತಾನಾಗಿ ಯಾವ ಕಡೆ ಮುಖ ಮಾಡುತ್ತದೆ ನೋಡಿ. ಕ್ಲೀಟ್ ಅದಕ್ಕೆ ಒಪ್ಪಬೇಕು. ಎಡ ಬಲ ಒಂದೇ ತರಹ ಇರಬೇಕಾಗಿಲ್ಲ. ಹೆಬ್ಬೆರಳ ಬುಡದ ಉಬ್ಬು ಪೆಡಲ್ ಅಚ್ಚಿನ ಮೇಲೆ, ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಬರಲಿ. ಮುಂದೆಂದಾದರೂ ಎಸ್‌ಪಿಡಿ-ಎಸ್‌ಎಲ್‌ಗೆ ಹೋದರೆ ಕೆಂಪು ಕ್ಲೀಟ್ ಬೇಡ. ಅದರಲ್ಲಿ ಪಾದ ಅತ್ತಿತ್ತ ಆಡುವುದೇ ಇಲ್ಲ. ನೀಲಿಯದು 2 ಡಿಗ್ರಿ, ಹಳದಿಯದು 6 ಡಿಗ್ರಿ ಆಡುತ್ತದೆ. ನಿಮಗೆ ಹಳದಿ.

ಅಂಗಡಿಗೆ ಹೋದರೆ ಮೊದಲು ಶೂ, ಆಮೇಲೆ ಪೆಡಲ್. ಕ್ಲೀಟ್ ಸಾಮಾನ್ಯವಾಗಿ ಪೆಡಲ್ ಜೊತೆಗೇ ಬರುತ್ತದೆ, ಶೂ ಜೊತೆಗಲ್ಲ. ಶೂ ತಿರುಗಿಸಿ ತೂತು ಎಣಿಸಿ. ಪಾದ ಊದಿರುವ ಸಂಜೆ ಹೊತ್ತು ಹಾಕಿ ನೋಡಿ. ಶಿಮಾನೋ ಇಎಚ್500 ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಎಸ್‌ಪಿಡಿ. ಚಪ್ಪಲಿ ಹಾಕಿಕೊಂಡು ಹಾಲು ತರಲಿಕ್ಕೂ ಆಗುತ್ತದೆ. ಎಂ520 ಎರಡೂ ಕಡೆ ಕ್ಲಿಪ್, ಗಟ್ಟಿ ಆಸಾಮಿ. ನೀವೇ ಕೂರಿಸುವುದಾದರೆ ಎಡ ಪೆಡಲ್‌ನ ಥ್ರೆಡ್ ಉಲ್ಟಾ ಅನ್ನುವುದು ನೆನಪಿರಲಿ. ಎರಡನ್ನೂ ಮುಂದಿನ ಚಕ್ರದ ಕಡೆಗೆ ತಿರುಗಿಸಿದರೆ ಬಿಗಿಯುತ್ತದೆ.

ಥ್ರೆಡ್‌ಗೂ ಕ್ಲೀಟ್ ಬೋಲ್ಟಿಗೂ ಗ್ರೀಸ್ ಹಚ್ಚದೆ ಬಿಡಬೇಡಿ. ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಬೋಲ್ಟ್ ಕಚ್ಚಿಕೊಳ್ಳುತ್ತದೆ. ಅಲೆನ್ ಕೀ ಹಾಕುವ ಗುಳಿಯಲ್ಲಿ ಕೆಂಪು ಮಣ್ಣು ತುಂಬಿ ಒಣಗಿದರೆ ಇಟ್ಟಿಗೆಯೇ. ಹಿಡಿಸೂಡಿ ಕಡ್ಡಿಯಿಂದ ಕೆದಕಿ ತೆಗೆದ ಮೇಲೇ ಕೀ ಹಾಕಿ, ಇಲ್ಲದಿದ್ದರೆ ಗುಳಿ ಸವೆದು ಉರುಟಾಗುತ್ತದೆ. ಒದ್ದೆ ಶೂವಿಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಬೂಷ್ಟು ಬರುತ್ತದೆ.

ಮತ್ತೆ, ಸೈಕಲ್ ಜೊತೆ ಬಂದ ಹಳೆ ಪೆಡಲ್ ಎಸೆಯಬೇಡಿ. ಜೂನ್ ಜುಲೈನಲ್ಲಿ ನಾನು ಅದನ್ನೇ ಹಾಕಿ ಓಡಿಸುತ್ತೇನೆ.